ಒಂದು ಸರ್ವರ್ ತೆಗೆದಾಗ ಜೊತೆಗೆ ಹೋದ ಅಲಾರಂ: ಒಂದು ಪ್ರಕರಣ ಅಧ್ಯಯನ

ಟಿಕೆಟ್‌ನಲ್ಲಿ, ಅಂದರೆ ಕೆಲಸದ ಕೋರಿಕೆಯಲ್ಲಿ, ಇದ್ದದ್ದು ಒಂದೇ ಸಾಲು. "ಆ್ಯಪ್-1 ಸರ್ವರ್ ಹಳೆಯದಾಗಿದೆ, ಸೇವೆಯಿಂದ ತೆಗೆದು ಮಾನಿಟರಿಂಗ್‌ನಿಂದಲೂ ತೆಗೆಯಿರಿ." ಅರ್ಧ ಗಂಟೆಯ ಕೆಲಸ ಅಂತ ತಂಡದವರು ಅಂದುಕೊಂಡಿದ್ದರು. ಪೂರ್ತಿ ಮುಗಿಯಲು ವಾರಗಳೇ ಹಿಡಿದವು. ಮಧ್ಯೆ ಬಳಕೆದಾರರಿಗೆ ಒಂದೇ ಸಂದೇಶ ಎರಡೆರಡು ಸಲ ಹೋಯಿತು, ಕೊನೆಗೆ ನಿಜವಾದ ತೊಂದರೆ ಬಂದ ರಾತ್ರಿ ಬಡಿಯಬೇಕಿದ್ದ ಅಲಾರಂ ಬಡಿಯಲೇ ಇಲ್ಲ. ಎಲ್ಲ ಆದ ಮೇಲೆ, ಏನಾಯಿತು ಅಂತ ನೋಡಿ ಬರೆದುಕೊಡಿ ಎಂದು ನನ್ನನ್ನು ಕರೆದಿದ್ದರು. ಸಂಸ್ಥೆ, ಜನ, ಸರ್ವರ್‌ಗಳ ಹೆಸರು ಯಾವುದೂ ಇಲ್ಲಿ ಅಸಲಿಯಲ್ಲ. ಘಟನೆಗಳ ಕ್ರಮ ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ, ಯಾಕಂದ್ರೆ ಈ ಪ್ರಕರಣದಲ್ಲಿ ಕಲಿಯಬೇಕಾದ್ದೆಲ್ಲ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲೇ ಇದೆ.

ಹಿನ್ನೆಲೆ

ನಾಲ್ಕು ಅಪ್ಲಿಕೇಶನ್ ಸರ್ವರ್‌ಗಳು, ನಾಲ್ಕರಲ್ಲೂ ಟಾಮ್‌ಕ್ಯಾಟ್, ಅಂದರೆ ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ತಂತ್ರಾಂಶ. ಅವುಗಳ ಮುಂದೆ, ವಿನಂತಿಗಳ ಹೊರೆ ಹಂಚಲು, ಹೆಚ್‌ಎ ಪ್ರಾಕ್ಸಿ ಎಂಬ ಲೋಡ್ ಬ್ಯಾಲೆನ್ಸರ್. ಇವನ್ನೆಲ್ಲ ನೋಡಿಕೊಳ್ಳಲು ಜ್ಯಾಬಿಕ್ಸ್ ಎಂಬ ಮಾನಿಟರಿಂಗ್ ತಂತ್ರಾಂಶ. ಪ್ರತಿ ಸರ್ವರ್‌ನಲ್ಲೂ ಅದಕ್ಕೆ ಮಾಹಿತಿ ಕಳಿಸುವ ಚಿಕ್ಕ ಪ್ರೋಗ್ರಾಂ, ಜ್ಯಾಬಿಕ್ಸ್ ಏಜೆಂಟ್, ಓಡುತ್ತಿತ್ತು. ಟಾಮ್‌ಕ್ಯಾಟ್ ಒಳಗಿನ ಥ್ರೆಡ್ (ಒಂದೊಂದು ವಿನಂತಿಯನ್ನು ನಿಭಾಯಿಸುವ ಕೆಲಸದ ಎಳೆ), ಸೆಷನ್ (ಒಬ್ಬ ಬಳಕೆದಾರರ ನಡೆಯುತ್ತಿರುವ ಬಳಕೆ), ಮೆಮೊರಿಯ ಲೆಕ್ಕವೂ ಜ್ಯಾಬಿಕ್ಸ್‌ಗೆ ಬರುತ್ತಿತ್ತು.

ಈ ವ್ಯವಸ್ಥೆಯನ್ನು ಕಟ್ಟಿದವರು ಕೆಲಸ ಬಿಟ್ಟು ಹೋಗಿದ್ದರು. ಕಟ್ಟಿದ್ದು ಚೆನ್ನಾಗಿಯೇ ಕಟ್ಟಿದ್ದರು ಅಂತ ನನಗೆ ಈಗಲೂ ಅನಿಸುತ್ತದೆ. ಹೊಸ ಸರ್ವರ್ ಬಂದರೆ ಅದರ ಏಜೆಂಟ್ ತಾನೇ ಬಂದು ಹೆಸರು ನೋಂದಾಯಿಸಿಕೊಳ್ಳುವ ಆಟೋ ರಿಜಿಸ್ಟ್ರೇಷನ್ ಇತ್ತು. ಟಾಮ್‌ಕ್ಯಾಟ್ ನಿಂತು ಹೋದರೆ ಜ್ಯಾಬಿಕ್ಸ್ ಏಜೆಂಟ್ ಮೂಲಕ ರಿಮೋಟ್ ಕಮಾಂಡ್ ಕಳಿಸಿ ಮತ್ತೆ ಎಬ್ಬಿಸುತ್ತಿತ್ತು. ಅಂದರೆ ಈ ವ್ಯವಸ್ಥೆ ಸುಮ್ನೆ ನೋಡುತ್ತಾ ಕೂರುವುದಲ್ಲ, ಕೈಯನ್ನೂ ಹಾಕುತ್ತದೆ. ತಂಡದಲ್ಲಿ ಈಗ ಇದ್ದವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡಿದ್ದರಿಂದ ಅದು ಯಾರ ನೆನಪಿನಲ್ಲೂ ಮೇಲೆ ಇರಲಿಲ್ಲ.

ಇನ್ನೊಂದು ಮಾತು. ತೆಗೆಯಬೇಕಿದ್ದದ್ದು ಆ್ಯಪ್-1, ನಾಲ್ಕರಲ್ಲಿ ಎಲ್ಲಕ್ಕಿಂತ ಮೊದಲು ಬಂದದ್ದು. ಯಾವ ವ್ಯವಸ್ಥೆಯಲ್ಲೇ ಆಗಲಿ ಮೊದಲ ಸರ್ವರ್‌ಗೆ ಜಾಸ್ತಿ ಗಂಟುಗಳಿರುತ್ತವೆ. ಲೆಕ್ಕಗಳು ಅದರ ಹೆಸರಿನಿಂದ ಶುರುವಾಗಿರುತ್ತವೆ, ನಿಯಮಗಳು ಅದನ್ನು ಸೇರಿಸಿಕೊಂಡೇ ಬರೆದಿರುತ್ತವೆ. ಆ್ಯಪ್-4 ತೆಗೆದಿದ್ದರೆ ಪ್ರಾಯಶಃ ಈ ಲೇಖನ ಇರುತ್ತಿರಲಿಲ್ಲ.

ನಿಲ್ಲಿಸಿದರೂ ಏಳುವ ಟಾಮ್‌ಕ್ಯಾಟ್

ಮೊದಲ ಹೆಜ್ಜೆ ಸರಿಯಾಗಿಯೇ ಇತ್ತು. ಹೆಚ್‌ಎ ಪ್ರಾಕ್ಸಿಯಲ್ಲಿ ಆ್ಯಪ್-1 ಅನ್ನು ಡ್ರೈನ್ ಸ್ಥಿತಿಗೆ ಹಾಕಿದರು. ಹಾಗೆ ಹಾಕಿದಾಗ ಈಗಾಗಲೇ ಆ ಸರ್ವರ್‌ಗೆ ಅಂಟಿಕೊಂಡ ಸೆಷನ್‌ಗಳು ಅಲ್ಲೇ ಮುಂದುವರಿಯುತ್ತವೆ, ಹೊಸಬರು ಮಾತ್ರ ಬೇರೆ ಸರ್ವರ್‌ಗೆ ಹೋಗುತ್ತಾರೆ. ಟಾಮ್‌ಕ್ಯಾಟ್‌ನಲ್ಲಿ ಸೆಷನ್ ಆಯಸ್ಸು ಡಿಫಾಲ್ಟ್ ಆಗಿ 30 ನಿಮಿಷ, ಅದೂ ಕೊನೆಯ ಬಳಕೆಯಿಂದ ಲೆಕ್ಕ. ಹಾಗಾಗಿ ಒಬ್ಬರು ಬಿಡದೆ ಕೆಲಸ ಮಾಡುತ್ತಿದ್ದರೆ ಸೆಷನ್ ಉಳಿದೇ ಇರುತ್ತದೆ. ತಂಡದವರು ತಾಳ್ಮೆಯಿಂದ ಸೆಷನ್ ಸಂಖ್ಯೆ ಸೊನ್ನೆಗೆ ಬರುವವರೆಗೆ ಕಾದರು. ಸಂಜೆ ಟಾಮ್‌ಕ್ಯಾಟ್ ನಿಲ್ಲಿಸಿದರು.

ಸ್ವಲ್ಪ ಹೊತ್ತಿಗೆ ನೋಡಿದರೆ ಅದು ಓಡುತ್ತಿತ್ತು. ಕೆಲಸ ಮಾಡುತ್ತಿದ್ದ ಹೊಸ ಎಂಜಿನಿಯರ್ ತಮ್ಮ ಹಿರಿಯರನ್ನು ಕೇಳಿದರು, "ಸರ್, ನೀವೇನಾದ್ರೂ ಆ್ಯಪ್-1ರಲ್ಲಿ ಟಾಮ್‌ಕ್ಯಾಟ್ ಆನ್ ಮಾಡಿದ್ರಾ?" ಅವರು ಇಲ್ಲ ಅಂದರು. ಮತ್ತೆ ನಿಲ್ಲಿಸಿದರು, ಮತ್ತೆ ಎದ್ದಿತು. ಆಗ ಜ್ಯಾಬಿಕ್ಸ್‌ನ ಆಕ್ಷನ್ ಲಾಗ್, ಅಂದರೆ ಅದು ತಾನಾಗಿಯೇ ಮಾಡಿದ ಕೆಲಸಗಳ ದಾಖಲೆ, ತೆಗೆದು ನೋಡಿದರೆ ರಿಮೋಟ್ ಕಮಾಂಡ್ ಎರಡು ಸಲ ಹೋದದ್ದು ಸ್ಪಷ್ಟವಾಗಿ ಕಾಣಿಸಿತು. ತಾವು ಬೇಕಂತಲೇ ನಿಲ್ಲಿಸಿದ್ದನ್ನು ವ್ಯವಸ್ಥೆ ಕೆಟ್ಟು ನಿಂತದ್ದು ಅಂತ ತಿಳಿದು ಸರಿಪಡಿಸುತ್ತಿತ್ತು.

ಇಲ್ಲಿ ಒಂದು ತೀರ್ಮಾನ ಆಯಿತು, ಇಡೀ ಪ್ರಕರಣದ ತಿರುವು ಇದೇ. ಮುಂದೆ ಮೂರು ದಾರಿಗಳಿದ್ದವು. ಸರ್ವರ್ ಅನ್ನು ಮೇಂಟೆನೆನ್ಸ್‌ಗೆ, ಅಂದರೆ ದುರಸ್ತಿಯಲ್ಲಿದೆ ಎಂಬ ಸ್ಥಿತಿಗೆ, ಹಾಕಬಹುದಿತ್ತು. ಮೇಂಟೆನೆನ್ಸ್ ಇರುವಾಗ ಆಕ್ಷನ್‌ಗಳನ್ನು ತಡೆಹಿಡಿಯುವ ಆಯ್ಕೆ ಜ್ಯಾಬಿಕ್ಸ್‌ನಲ್ಲಿ ಡಿಫಾಲ್ಟ್ ಆಗಿಯೇ ಆನ್ ಇರುತ್ತದೆ. ಹೋಸ್ಟ್ ಅನ್ನು, ಅಂದರೆ ಜ್ಯಾಬಿಕ್ಸ್ ಪಟ್ಟಿಯಲ್ಲಿ ಆ ಸರ್ವರ್‌ನ ನಮೂದನ್ನು, ಡಿಸೇಬಲ್ ಮಾಡಬಹುದಿತ್ತು. ಅಥವಾ ಡಿಲೀಟ್ ಮಾಡಬಹುದಿತ್ತು. ಹೇಗೂ ತೆಗೆಯಲೇಬೇಕಲ್ವಾ, ಈಗಲೇ ಡಿಲೀಟ್ ಮಾಡಿದರೆ ಎಬ್ಬಿಸುವವರೇ ಇರುವುದಿಲ್ಲ ಅಂತ ಅವರು ಯೋಚಿಸಿದರು. ಆ ಹೊತ್ತಿನಲ್ಲಿ, ಅವರಿಗೆ ಕಾಣುತ್ತಿದ್ದಷ್ಟರಲ್ಲಿ, ಅದು ನ್ಯಾಯವಾದ ಯೋಚನೆಯೇ. ಹೋಸ್ಟ್ ಡಿಲೀಟ್ ಮಾಡಿದರು, ಟಾಮ್‌ಕ್ಯಾಟ್ ನಿಲ್ಲಿಸಿದರು. ಈ ಸಲ ಅದು ಏಳಲಿಲ್ಲ. ಕಂಪ್ಯೂಟರ್ ಮಾತ್ರ ಆನ್ ಇತ್ತು, ಯಾಕಂದ್ರೆ ಹಳೆಯ ಲಾಗ್‌ಗಳನ್ನು ನಕಲು ಮಾಡುವುದು ಬಾಕಿ ಇತ್ತು, ಮೆಷಿನ್ ಪೂರ್ತಿ ಆಫ್ ಮಾಡುವುದು ಬೇರೆ ತಂಡದ ಕೆಲಸ. ಎಲ್ಲರೂ ಮನೆಗೆ ಹೋದರು.

ಹೆಸರು ಅದೇ, ಹೋಸ್ಟ್ ಬೇರೆ

ಏಜೆಂಟ್ ಓಡುತ್ತಲೇ ಇತ್ತು. ಆ್ಯಕ್ಟಿವ್ ಏಜೆಂಟ್ ಆಗಾಗ ಜ್ಯಾಬಿಕ್ಸ್ ಸರ್ವರ್ ಹತ್ತಿರ ಹೋಗಿ ನಾನು ಏನೇನು ನೋಡಬೇಕು, ಪಟ್ಟಿ ಕೊಡಿ ಅಂತ ಕೇಳುತ್ತದೆ. ಹಳೆಯ ಆವೃತ್ತಿಗಳಲ್ಲಿ ಡಿಫಾಲ್ಟ್ ಆಗಿ 120 ಸೆಕೆಂಡಿಗೊಮ್ಮೆ. ಕೇಳಿದ ಏಜೆಂಟ್ ಪರಿಚಯವಿಲ್ಲದ್ದಾದರೆ ಸರ್ವರ್ ಆಟೋ ರಿಜಿಸ್ಟ್ರೇಷನ್ ನಿಯಮಗಳನ್ನು ನೋಡುತ್ತದೆ. ಏಜೆಂಟ್ ತನ್ನ ಬಗ್ಗೆ ಕೊಟ್ಟ ಮಾಹಿತಿ (ಮೆಟಾಡೇಟಾ) ನಿಯಮಕ್ಕೆ ಹೊಂದಿದರೆ ಹೊಸ ಹೋಸ್ಟ್ ಸೃಷ್ಟಿಸುತ್ತದೆ, ಗುಂಪಿಗೆ ಸೇರಿಸುತ್ತದೆ, ಏನೇನು ನೋಡಬೇಕು ಅನ್ನುವ ಸಿದ್ಧ ಪಟ್ಟಿಯನ್ನು (ಟೆಂಪ್ಲೇಟ್) ಕಟ್ಟುತ್ತದೆ. ಇಲ್ಲಿ ಆದದ್ದೂ ಅದೇ. ಕೆಲವೇ ನಿಮಿಷಗಳಲ್ಲಿ ಆ್ಯಪ್-1 ಮತ್ತೆ ಪಟ್ಟಿಗೆ ಬಂತು. ಟಾಮ್‌ಕ್ಯಾಟ್ ಓಡುತ್ತಿಲ್ಲ ಅಂತ ಟೆಂಪ್ಲೇಟ್‌ನ ಟ್ರಿಗರ್ (ತೊಂದರೆ ಗುರುತಿಸುವ ನಿಯಮ) ಎದ್ದಿತು. ಆ ಗುಂಪಿಗೆ ಕಟ್ಟಿದ್ದ ಆಕ್ಷನ್ ಟಾಮ್‌ಕ್ಯಾಟ್ ಅನ್ನು ಎಬ್ಬಿಸಿತು.

ಲೋಡ್ ಬ್ಯಾಲೆನ್ಸರ್‌ನಿಂದ ಹೊರಗಿದ್ದುದರಿಂದ ಬಳಕೆದಾರರು ಯಾರೂ ಅದಕ್ಕೆ ಬರುತ್ತಿರಲಿಲ್ಲ. ಆದರೆ ಅಪ್ಲಿಕೇಶನ್ ಒಳಗೆ ನಿಗದಿತ ಹೊತ್ತಿಗೆ ಕೆಲಸ ನಡೆಸುವ ಒಂದು ಶೆಡ್ಯೂಲರ್ ಇತ್ತು. ರಾತ್ರಿ ನೆನಪೋಲೆ ಕಳಿಸುವ ಕೆಲಸ ಮೊದಲು ಆ್ಯಪ್-1ರಲ್ಲಿ ನಡೆಯುತ್ತಿತ್ತು, ಅದನ್ನು ಆ ದಿನವೇ ಆ್ಯಪ್-2ಕ್ಕೆ ವರ್ಗಾಯಿಸಿದ್ದರು. ಆ್ಯಪ್-1ರ ಕಾನ್ಫಿಗರೇಷನ್‌ನಲ್ಲಿ ಅದನ್ನು ತೆಗೆದಿರಲಿಲ್ಲ, ಹೇಗೂ ಸರ್ವರೇ ಹೋಗುತ್ತದೆ ಅಂತ. ರಾತ್ರಿ ಎರಡೂ ಕಡೆ ಕೆಲಸ ನಡೆಯಿತು, ಪ್ರತಿಯೊಬ್ಬರಿಗೂ ಎರಡು ಸಂದೇಶ. ಇದು ದೊಡ್ಡ ಹಾನಿಯಲ್ಲ. ಆದರೆ ಅದು ಹಣ ಕಡಿತ ಮಾಡುವ ಕೆಲಸವಾಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ನನಗೆ ಈಗಲೂ ಆತಂಕವಾಗುತ್ತದೆ. ಸೇವೆಯಿಂದ ತೆಗೆದದ್ದು ಅಂದರೆ ಬಾಗಿಲಿನಿಂದ ಯಾರೂ ಬರುತ್ತಿಲ್ಲ ಅಂತ ಅಷ್ಟೇ. ಒಳಗೆ ಕೆಲಸ ನಿಂತಿದೆ ಅಂತ ಅರ್ಥವಲ್ಲ.

ಬೆಳಗ್ಗೆ ತಂಡ ನೋಡಿದಾಗ ಕಂಡದ್ದು ಏನು? ಪಟ್ಟಿಯಲ್ಲಿ ಆ್ಯಪ್-1, ಅದೇ ಹೆಸರು, ಅದೇ ಟೆಂಪ್ಲೇಟ್, ಅದೇ ಗುಂಪು. ಎಲ್ಲರೂ ಡಿಲೀಟ್ ಸರಿಯಾಗಿ ಆಗಿಲ್ಲ ಅಂತ ತೀರ್ಮಾನಿಸಿದರು. ನನ್ನ ಪ್ರಕಾರ ಈ ಪ್ರಕರಣದಲ್ಲಿ ಅತಿ ದುಬಾರಿಯಾದ ತಪ್ಪು ತಿಳಿವಳಿಕೆ ಇದೇ. ಡಿಲೀಟ್ ಪೂರ್ತಿಯಾಗಿಯೇ ಆಗಿತ್ತು. ಈಗ ಕಾಣುತ್ತಿದ್ದದ್ದು ಹಿಂದಿನ ರಾತ್ರಿ ಹುಟ್ಟಿದ ಹೊಸ ಹೋಸ್ಟ್, ಅದಕ್ಕೆ ಹಿಂದಿನ ಇತಿಹಾಸವಿಲ್ಲ. ಗ್ರಾಫ್ ತೆರೆದು ಹಿಂದಿನ ವಾರಕ್ಕೆ ಹೋಗಿದ್ದರೆ ಖಾಲಿ ಇರುವುದು ಕಾಣುತ್ತಿತ್ತು. ಯಾರೂ ತೆರೆಯಲಿಲ್ಲ, ಯಾಕಂದ್ರೆ ತೆಗೆದು ಹಾಕುವ ಸರ್ವರ್‌ನ ಗ್ರಾಫ್ ನೋಡುವ ಕಾರಣ ಯಾರಿಗೂ ಇರಲಿಲ್ಲ. ಏನೂ ಹೋಗಿಲ್ಲ ಅಂತ ನಂಬಿದವರು ಏನು ಹೋಯಿತು ಅಂತ ಹುಡುಕುವುದಿಲ್ಲ.

ಈ ಸಲ ಏಜೆಂಟ್ ನಿಲ್ಲಿಸಿ, ಮೆಷಿನ್ ಮರುಚಾಲೂ ಆದರೂ ಅದು ಏಳದ ಹಾಗೆ ಮಾಡಿ, ಟಾಮ್‌ಕ್ಯಾಟ್‌ಗೂ ಹಾಗೇ ಮಾಡಿ, ಆಮೇಲೆ ಹೋಸ್ಟ್ ಡಿಲೀಟ್ ಮಾಡಿದರು. ಅದು ಮತ್ತೆ ಬರಲಿಲ್ಲ.

ಗದ್ದಲ ಮಾಡಿದ್ದು ಒಂದು, ಸುಮ್ಮನಿದ್ದದ್ದು ಇನ್ನೊಂದು

ಮಾರನೇ ದಿನ ಡ್ಯಾಶ್‌ಬೋರ್ಡ್‌ನಲ್ಲಿ ಒಟ್ಟು ಸೆಷನ್ ತೋರಿಸುವ ಜಾಗ ಖಾಲಿಯಾಗಿತ್ತು. ಜ್ಯಾಬಿಕ್ಸ್ ನೋಡುವ ಒಂದೊಂದು ಅಂಕಿಗೂ ಐಟಂ ಅಂತ ಹೆಸರು. ಅದು ನಾಲ್ಕು ಸರ್ವರ್‌ಗಳ ಸೆಷನ್ ಕೂಡಿಸುವ ಲೆಕ್ಕದ ಐಟಂ, ಅಂದರೆ ಬೇರೆ ಐಟಂಗಳಿಂದ ಸೂತ್ರ ಹಾಕಿ ಪಡೆಯುವ ಅಂಕಿ. ಅಂಥ ಸೂತ್ರದಲ್ಲಿ ಹೋಸ್ಟ್ ಹೆಸರು ಬರೀ ಅಕ್ಷರವಾಗಿ ಕೂತಿರುತ್ತದೆ. ಹೋಸ್ಟ್ ಹೋದರೂ ಸೂತ್ರ ಉಳಿಯುತ್ತದೆ, ಲೆಕ್ಕ ಮಾಡಲು ಹೋದಾಗ ಅಂಥ ಐಟಂ ಸಿಗದೆ "ಬೆಂಬಲವಿಲ್ಲ" ಎಂಬ ಕೆಂಪು ಸ್ಥಿತಿಗೆ ಹೋಗುತ್ತದೆ. ಮೊದಲ ಡಿಲೀಟ್ ಆದಾಗ ಅದೇ ಹೆಸರಿನ ಹೋಸ್ಟ್ ತಕ್ಷಣ ವಾಪಸ್ ಬಂದದ್ದರಿಂದ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಡೆವಲಪರ್ ಒಬ್ಬರು ನೋಡಿ ಹೇಳಿದರು, ಸೂತ್ರದಿಂದ ಆ್ಯಪ್-1 ತೆಗೆದರು, ಡ್ಯಾಶ್‌ಬೋರ್ಡ್ ಸರಿಹೋಯಿತು. ಉಳಿದಿದ್ದ ಒಂದು ಎಳೆಯೂ ಸಿಕ್ಕಿತು ಅಂತ ಟಿಕೆಟ್ ಮುಚ್ಚಿದರು.

ಮುರಿದಾಗ ಗದ್ದಲ ಮಾಡುವ ವಸ್ತು ಒಳ್ಳೆಯದು. ಈ ಲೆಕ್ಕ ಕೆಟ್ಟದ್ದು ಎಲ್ಲರಿಗೂ ಕಂಡಿತು, ಹಾಗಾಗಿ ಸರಿಹೋಯಿತು. ಆದರೆ ಹೀಗೆ ಕಂಡದ್ದೇ ಬೇರೆಲ್ಲ ಸರಿಯಾಗಿದೆ ಎಂಬ ಸುಳ್ಳು ಧೈರ್ಯವನ್ನೂ ಕೊಟ್ಟಿತು.

ವ್ಯವಸ್ಥೆ ಕಟ್ಟಿದವರು ಅಲರ್ಟ್‌ಗಳನ್ನು ಎರಡು ಮಟ್ಟದಲ್ಲಿ ಇಟ್ಟಿದ್ದರು. ಒಂದು ಸರ್ವರ್ ಮಾತ್ರ ಉತ್ತರ ಕೊಡದಿದ್ದರೆ ಇಮೇಲ್ ಹೋಗುತ್ತದೆ. ನಾಲ್ಕಿದ್ದರೆ ಒಂದು ಹೋದರೂ ಸೇವೆ ನಡೆಯುತ್ತದೆ, ಅದಕ್ಕಾಗಿ ರಾತ್ರಿ ಯಾರನ್ನೂ ಎಬ್ಬಿಸುವುದು ಬೇಡ ಅನ್ನುವುದು ಅವರ ಲೆಕ್ಕ. ಎರಡು ಅಥವಾ ಹೆಚ್ಚು ಸರ್ವರ್ ಒಟ್ಟಿಗೆ ಉತ್ತರ ಕೊಡದಿದ್ದರೆ ಮಾತ್ರ ಆನ್‌ಕಾಲ್ (ಕರೆ ಬಂದರೆ ಎದ್ದು ನೋಡುವ ಸರದಿಯಲ್ಲಿ) ಇರುವವರ ಫೋನ್ ಬಡಿಯುತ್ತದೆ. ಈ ಎರಡನೆಯದು ಒಂದೇ ಟ್ರಿಗರ್, ಅದರ ಸೂತ್ರದಲ್ಲಿ ನಾಲ್ಕೂ ಹೋಸ್ಟ್‌ಗಳ ಐಟಂ ಇತ್ತು. ಟ್ರಿಗರ್ ವಿಷಯ ಲೆಕ್ಕದ ಐಟಂ ಹಾಗಲ್ಲ. ಟ್ರಿಗರ್ ತಾನು ಬಳಸುವ ಐಟಂಗಳಿಗೆ ಡೇಟಾಬೇಸ್‌ನಲ್ಲೇ ಗಟ್ಟಿಯಾಗಿ ಕಟ್ಟಿರುತ್ತದೆ. ಹೋಸ್ಟ್ ಡಿಲೀಟ್ ಆದರೆ ಅದರ ಐಟಂಗಳು ಹೋಗುತ್ತವೆ, ಐಟಂ ಹೋದರೆ ಅದನ್ನು ಬಳಸುವ ಟ್ರಿಗರ್ ಕೂಡ ಹೋಗುತ್ತದೆ, ಆ ಟ್ರಿಗರ್‌ನಲ್ಲಿ ಇನ್ನೂ ಮೂರು ಜೀವಂತ ಸರ್ವರ್‌ಗಳಿದ್ದರೂ. ಡಿಲೀಟ್ ಒತ್ತಿದಾಗ ಖಚಿತವೇ ಅಂತ ಕೇಳುತ್ತದೆ. ಜೊತೆಗೆ ಯಾವ ಯಾವ ನಿಯಮ ಹೋಗುತ್ತದೆ ಅಂತ ಪಟ್ಟಿ ಕೊಡುವುದಿಲ್ಲ.

ಉಪಕರಣವನ್ನು ದೂರುವುದರಲ್ಲಿ ಅರ್ಥವಿಲ್ಲ. ಇಲ್ಲದ ಅಂಕಿಯ ಮೇಲೆ ನಿಂತ ನಿಯಮವನ್ನು ಅದು ಹೇಗೆ ತಾನೇ ಇಟ್ಟುಕೊಳ್ಳಬೇಕು? ನೋಡಬೇಕಾದ ವಿಷಯ ಬೇರೆ: ಇಲ್ಲದ ಟ್ರಿಗರ್ ಮತ್ತು ಶಾಂತವಾಗಿರುವ ಟ್ರಿಗರ್ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಏನೂ ಕೆಂಪಾಗಿಲ್ಲ.

ವಾರಗಳ ನಂತರ ಒಂದು ರಾತ್ರಿ ಡೇಟಾಬೇಸ್ ನಿಧಾನವಾಯಿತು. ವಿನಂತಿಗಳು ಕಾಯತೊಡಗಿದವು, ಟಾಮ್‌ಕ್ಯಾಟ್‌ನ ಥ್ರೆಡ್‌ಗಳು ತುಂಬತೊಡಗಿದವು. ಡಿಫಾಲ್ಟ್ ಮಿತಿ 200 ಥ್ರೆಡ್, ಇಲ್ಲಿ ಅದನ್ನು ಬದಲಾಯಿಸಿರಲಿಲ್ಲ. ನಾಲ್ಕು ಸರ್ವರ್ ಇದ್ದಾಗ ಪ್ರತಿಯೊಂದೂ ಕಾಲು ಭಾಗ ಹೊರೆ ಹೊರುತ್ತಿತ್ತು, ಈಗ ಮೂರರಲ್ಲಿ ಒಂದು ಭಾಗ. ಹಾಗಾಗಿ ಮಿತಿ ಮುಟ್ಟುವುದೂ ಬೇಗ ಆಯಿತು. ಮೊದಲು ಒಂದು ಸರ್ವರ್ ಉತ್ತರ ಕೊಡುವುದು ನಿಲ್ಲಿಸಿತು, ಅದರ ಹೊರೆ ಉಳಿದ ಎರಡಕ್ಕೆ ಬಿತ್ತು, ಇನ್ನೊಂದೂ ನಿಂತಿತು. ಇಮೇಲ್‌ಗಳು ಹೋದವು, ಫೋನ್ ಬಡಿಯಲಿಲ್ಲ. ಬೆಳಗ್ಗೆ ಬಳಕೆದಾರರ ದೂರುಗಳೇ ಮೊದಲ ಸುದ್ದಿ.

ಹುಡುಕಾಟ

ಮೊದಲು ಎಲ್ಲರೂ ಫೋನ್ ಕರೆ ಮಾಡುವ ಕೊಂಡಿಯನ್ನು ಪರೀಕ್ಷಿಸಿದರು. ಅದು ಸರಿಯಿತ್ತು. ಆನ್‌ಕಾಲ್ ಪಟ್ಟಿ ನೋಡಿದರು, ಸರಿಯಿತ್ತು. ಆಮೇಲೆ ನಿಯಮ ಹುಡುಕಿದರೆ ಅದು ಎಲ್ಲೂ ಇರಲಿಲ್ಲ. ಯಾರೋ ತೆಗೆದಿದ್ದಾರೆ ಅಂತ ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡಿದ್ದೂ ಆಯಿತು. ಆಡಿಟ್ ಲಾಗ್‌ನಲ್ಲಿ ಆ್ಯಪ್-1 ಎರಡು ಸಲ ಡಿಲೀಟ್ ಆದದ್ದು ಕಂಡಿತು. ಆ ನಿಯಮ ನಾಲ್ಕೂ ಸರ್ವರ್‌ಗಳನ್ನು ನೋಡುತ್ತಿತ್ತಲ್ವಾ ಅಂತ ಒಬ್ಬರಿಗೆ ಹೊಳೆದದ್ದು ಆಗ.

ಬ್ಯಾಕಪ್‌ಗಳನ್ನು ಒಂದು ತಿಂಗಳು ಇಡುವ ಪದ್ಧತಿ ಇದ್ದದ್ದು ಕಾಪಾಡಿತು. ತೆಗೆಯುವ ಮೊದಲಿನ ಡೇಟಾಬೇಸ್ ಬ್ಯಾಕಪ್ ಅನ್ನು ಬೇರೆ ಮೆಷಿನ್‌ನಲ್ಲಿ, ಹೊರಗಿನ ಯಾವುದಕ್ಕೂ ಮಾತಾಡದ ಹಾಗೆ ನೆಟ್‌ವರ್ಕ್ ಕಡಿದು, ಎಬ್ಬಿಸಿದರು. ಈ ಎಚ್ಚರಿಕೆ ಬಹಳ ಮುಖ್ಯ. ಹಳೆಯ ಪ್ರತಿ ಜೀವ ಬಂದ ಕೂಡಲೇ ಸರ್ವರ್‌ಗಳನ್ನು ನೋಡಲು ಶುರು ಮಾಡಿ ರಿಮೋಟ್ ಕಮಾಂಡ್ ಕಳಿಸಿಬಿಟ್ಟರೆ ಇನ್ನೊಂದು ಪ್ರಕರಣವಾಗುತ್ತಿತ್ತು. ಅಲ್ಲಿ ಹಳೆಯ ಸೂತ್ರ ಸಿಕ್ಕಿತು. ಜೊತೆಗೆ ಯಾರೂ ನೆನೆಸದ ಇನ್ನೊಂದೂ ಸಿಕ್ಕಿತು: ಬೇರೆ ಸರ್ವರ್‌ಗಳ ಕೆಲವು ಟ್ರಿಗರ್‌ಗಳು ಆ್ಯಪ್-1ರ ಒಂದು ಟ್ರಿಗರ್‌ಗೆ ಅವಲಂಬಿತವಾಗಿದ್ದವು. ಮೂಲ ತೊಂದರೆ ಅಲ್ಲಿ ಕಂಡರೆ ಉಳಿದವರ ಅಲರ್ಟ್‌ಗಳು ಸುಮ್ಮನಿರಲಿ ಅಂತ ಮಾಡಿದ ಏರ್ಪಾಡು. ಆ ಅವಲಂಬನೆಯೂ ಹೋಗಿತ್ತು. ಈಚೆಗೆ ಇಮೇಲ್ ಯಾಕೋ ಜಾಸ್ತಿ ಬರುತ್ತಿದೆ ಅಂತ ತಂಡದವರು ಗೊಣಗುತ್ತಿದ್ದದ್ದಕ್ಕೆ ಕಾರಣ ಇದು. ಜಾಸ್ತಿ ಬಂದದ್ದರಿಂದಲೇ ಆ ರಾತ್ರಿಯ ಇಮೇಲ್‌ಗಳಿಗೂ ಯಾರೂ ಬೆಲೆ ಕೊಡಲಿಲ್ಲ.

ಮುಂದಿನ ಸರ್ವರ್ ತೆಗೆದ ಬಗೆ

ಹಳೆಯ ನಿಯಮವನ್ನು ಆ್ಯಪ್-1 ಬಿಟ್ಟು ಮತ್ತೆ ಬರೆದರೆ ಸಾಕು ಅನ್ನುವುದು ಮೊದಲ ಸಲಹೆ. ನಾನು ಒಪ್ಪಲಿಲ್ಲ. ನಾಲ್ಕರಲ್ಲಿ ಎರಡು ಅಂದರೆ ಅರ್ಧ, ಮೂರರಲ್ಲಿ ಎರಡು ಅಂದರೆ ಆಗಲೇ ಸೇವೆ ಕುಸಿದ ಹಾಗೆ. ಸರ್ವರ್ ತೆಗೆದಾಗ ಮಿತಿಗಳ ಅರ್ಥವೂ ಬದಲಾಗುತ್ತದೆ. ಮೂರೇ ಇರುವಾಗ ಒಂದು ಹೋಗಿ ಉಳಿದವುಗಳಲ್ಲಿ ಥ್ರೆಡ್ ಬಳಕೆ ಏರುತ್ತಿದ್ದರೆ ಆಗಲೇ ಕರೆ ಹೋಗಬೇಕು ಅಂತ ಮಾತಾಡಿ ನಿರ್ಧರಿಸಿದರು.

ಬರೆಯುವ ರೀತಿಯನ್ನೂ ಬದಲಾಯಿಸಿದರು. ಹೋಸ್ಟ್ ಹೆಸರುಗಳನ್ನು ಒಂದೊಂದಾಗಿ ಸೂತ್ರದಲ್ಲಿ ಬರೆಯುವ ಬದಲು, ಗುಂಪಿನಲ್ಲಿ ಎಷ್ಟು ಸರ್ವರ್ ಉತ್ತರ ಕೊಡುತ್ತಿವೆ ಅಂತ ಎಣಿಸುವ ಒಂದು ಲೆಕ್ಕದ ಐಟಂ. ಹೊಸ ಆವೃತ್ತಿಗಳಲ್ಲಿ ಇಡೀ ಗುಂಪಿನ ಮೇಲೆ ಇಂಥ ಲೆಕ್ಕ ಮಾಡಬಹುದು. ಅದು ಟ್ರಿಗರ್ ಒಳಗೆ ನೇರವಾಗಿ ನಡೆಯುವುದಿಲ್ಲ, ಲೆಕ್ಕದ ಐಟಂನಲ್ಲಿ ಮಾಡಿ ಆಮೇಲೆ ಆ ಐಟಂ ಮೇಲೆ ಟ್ರಿಗರ್ ಇಡಬೇಕು. ಆ ಐಟಂ ಅನ್ನು ಯಾವ ನಿಜವಾದ ಸರ್ವರ್ ಮೇಲೂ ಇಡಲಿಲ್ಲ. ಸೇವೆಯ ಹೆಸರಿನಲ್ಲೇ ಒಂದು ಹೋಸ್ಟ್ ಮಾಡಿ ಅದರ ಮೇಲೆ ಇಟ್ಟರು. ಸರ್ವರ್‌ಗಳು ಬರಲಿ ಹೋಗಲಿ, ಸೇವೆಯ ಅಲಾರಂ ಸೇವೆಯ ಹತ್ತಿರವೇ ಇರುತ್ತದೆ.

ಆಮೇಲೆ ಆ್ಯಪ್-2 ಬದಲಿಸುವ ಸರದಿ ಬಂತು, ಈ ಸಲ ಅದರ ಜಾಗಕ್ಕೆ ಹೊಸ ಮೆಷಿನ್ ಮೊದಲೇ ಬಂದಿತ್ತು. ಕೆಲಸ ಶುರುವಾದದ್ದು ಆ್ಯಪ್-2ರ ಹೆಸರು ಎಲ್ಲೆಲ್ಲಿದೆ ಅಂತ ಹುಡುಕುವುದರಿಂದ: ಒಂದಕ್ಕಿಂತ ಹೆಚ್ಚು ಹೋಸ್ಟ್ ಮುಟ್ಟುವ ಟ್ರಿಗರ್‌ಗಳು, ಅವಲಂಬನೆಗಳು, ಲೆಕ್ಕದ ಸೂತ್ರಗಳು, ಡ್ಯಾಶ್‌ಬೋರ್ಡ್‌ಗಳು. ಅವನ್ನೆಲ್ಲ ಬಿಡಿಸಿದ ಮೇಲೆ ಶೆಡ್ಯೂಲರ್ ಕಾನ್ಫಿಗರೇಷನ್‌ನಿಂದಲೇ ಕೆಲಸಗಳನ್ನು ತೆಗೆದರು, ಡ್ರೈನ್ ಮಾಡಿದರು, ಹೋಸ್ಟ್ ಡಿಸೇಬಲ್ ಮಾಡಿದರು, ನಂತರವೇ ಟಾಮ್‌ಕ್ಯಾಟ್ ಮತ್ತು ಏಜೆಂಟ್ ನಿಲ್ಲಿಸಿದರು. ಡಿಸೇಬಲ್ ಆದ ಹೋಸ್ಟ್ ಜ್ಯಾಬಿಕ್ಸ್‌ಗೆ ಪರಿಚಿತವೇ, ಹಾಗಾಗಿ ಏಜೆಂಟ್ ಎಷ್ಟು ಕೇಳಿದರೂ ಅದೇ ಹೆಸರಿನಲ್ಲಿ ಹೊಸದು ಹುಟ್ಟುವುದಿಲ್ಲ.

ಡಿಸೇಬಲ್ ಮಾಡಿದರೆ ಎಲ್ಲ ಕ್ಷೇಮ ಅಂತ ತಂಡದಲ್ಲಿ ಒಬ್ಬರು ಹೇಳಿದ್ದರು. ಅಲ್ಲಿ ಒಂದು ಎಚ್ಚರಿಕೆ ಬೇಕು. ಹಲವು ಹೋಸ್ಟ್‌ಗಳ ಟ್ರಿಗರ್‌ನಲ್ಲಿ ಒಂದು ಹೋಸ್ಟ್ ಡಿಸೇಬಲ್ ಆದರೂ ಆ ಟ್ರಿಗರ್ ಲೆಕ್ಕ ಹಾಕುವುದನ್ನು ನಿಲ್ಲಿಸುತ್ತದೆ. ಅಳಿಸಿ ಹೋಗುವುದಿಲ್ಲ, ಪಟ್ಟಿಯಲ್ಲಿ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ವಾಪಸ್ ತರುವುದು ಸುಲಭ ಅನ್ನುವುದು ನಿಜ, ಆದರೆ ಮೌನ ಅದೇ ಮೌನ. ಅದಕ್ಕೇ ಗಂಟು ಬಿಡಿಸುವುದು ಮೊದಲು.

ಕೊನೆಗೆ, ಮೊದಲೇ ತಿಳಿಸಿದ ಒಂದು ಸಮಯದಲ್ಲಿ, ಪರೀಕ್ಷಾ ಸರ್ವರ್‌ಗಳ ಗುಂಪಿನಲ್ಲಿ ಅದೇ ನಿಯಮ ಹಾಕಿ ಬೇಕಂತಲೇ ಎರಡು ಸರ್ವರ್ ನಿಲ್ಲಿಸಿದರು. ಫೋನ್ ಬಡಿಯಿತು, ಆದರೆ ತಡವಾಗಿ. ಲೆಕ್ಕದ ಐಟಂ ಐದು ನಿಮಿಷಕ್ಕೊಮ್ಮೆ ಮಾತ್ರ ಎಣಿಸುತ್ತಿತ್ತು. ಅದನ್ನು ಒಂದು ನಿಮಿಷಕ್ಕೆ ಇಳಿಸಿದರು. ಈ ಪರೀಕ್ಷೆ ಮಾಡದಿದ್ದರೆ ಆ ತಡ ಗೊತ್ತಾಗುತ್ತಿದ್ದದ್ದು ಮುಂದಿನ ನಿಜವಾದ ತೊಂದರೆಯಲ್ಲಿ.

ಉಳಿದ ಚರ್ಚೆ ಡಿಸೇಬಲ್ ಆದ ಹೋಸ್ಟ್‌ಗಳನ್ನು ಎಷ್ಟು ದಿನ ಇಡಬೇಕು ಅನ್ನುವುದು. ಪಟ್ಟಿ ಉದ್ದವಾಗುತ್ತದೆ ಅಂತ ಕೆಲವರಿಗೆ ಬೇಸರ. ಆದರೆ ಸಾಮರ್ಥ್ಯದ ಲೆಕ್ಕ ಹಾಕುವಾಗ ಹಿಂದಿನ ವರ್ಷ ಆ್ಯಪ್-1 ಎಷ್ಟು ಹೊರೆ ಹೊತ್ತಿತ್ತು ಅಂತ ಕೇಳಿದರೆ ಚಾಲ್ತಿಯ ವ್ಯವಸ್ಥೆಯಲ್ಲಿ ಉತ್ತರ ಸಿಗುವುದಿಲ್ಲ, ಆ್ಯಪ್-2ರದ್ದು ಸಿಗುತ್ತದೆ. ಟ್ರೆಂಡ್ ಅಂಕಿಗಳನ್ನು (ಗಂಟೆಗೊಂದು ಸಾರಾಂಶ) ಜ್ಯಾಬಿಕ್ಸ್ ಡಿಫಾಲ್ಟ್ ಆಗಿ 365 ದಿನ ಇಡುತ್ತದೆ. ಹಾಗಾಗಿ ಅಷ್ಟು ದಿನ ಹೋಸ್ಟ್ ಡಿಸೇಬಲ್ ಆಗಿಯೇ ಇರಲಿ ಅಂತ ನಿರ್ಧಾರವಾಯಿತು. ನಿವೃತ್ತ ಸರ್ವರ್‌ಗಳಿಗೆ ಯಾವ ಆಕ್ಷನ್ ಕೂಡ ಕಟ್ಟದ ಪ್ರತ್ಯೇಕ ಗುಂಪು ಮಾಡಿದ್ದಾರೆ. ಯಾವಾಗ, ಯಾರು, ಯಾಕೆ ತೆಗೆದರು, ಯಾವ ದಿನಾಂಕದ ನಂತರ ಡಿಲೀಟ್ ಮಾಡಬಹುದು ಅನ್ನುವುದನ್ನು ಆ ಹೋಸ್ಟ್‌ನ ವಿವರಣೆಯ ಜಾಗದಲ್ಲೇ ಬರೆಯುತ್ತಾರೆ.